ಆರು ಕೋಳಿಗೆ ಮೂರು ಹಲಗೆ

೧

ಈ ಕಥೆಯನ್ನು ಎಲ್ಲಿಂದ ಹಿಡಿಯಬೇಕೆಂದು ಮೂರು ವಾರದಿಂದ ನೋಡುತ್ತಿದ್ದೇನೆ. ಕೋಳಿಯಿಂದ ಹಿಡಿದರೆ ಕೊಸರಿಕೊಂಡು ಓಡುತ್ತದೆ. ಹಲಗೆಯಿಂದ ಹಿಡಿದರೆ, ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಅಟ್ಟಿ ಜೋಡಿಸಿದ ಕೈ ನಿಲ್ಲುವುದಿಲ್ಲ, ಪುಟದ ತುಂಬ ಹಲಗೆಯೇ ಆಗುತ್ತದೆ. ಚಳಿಯಿಂದ ಹಿಡಿಯೋಣವೆಂದರೆ, ಸರೋವರದ ಈ ದಂಡೆಯಲ್ಲಿ ಎಲ್ಲರ ಕಥೆಯೂ ಚಳಿಯಿಂದಲೇ ಶುರುವಾಗುವುದು. ಎರಡನೇ ಸಾಲಿಗೆಲ್ಲ ಕೇಳುವವರು ಕಾಫಿ ಬಗ್ಗಿಸಿಕೊಳ್ಳಲು ಏಳುತ್ತಾರೆ.

ಒಂದು ಡ್ರಾಫ್ಟ್ ಹೀಗಿತ್ತು: "ಜನವರಿಯ ಆ ಬೆಳಿಗ್ಗೆ ಲೆಂಪಿ ಕೋಳಿಗೂಡಿನ ಬಾಗಿಲು ತೆಗೆದಾಗ ಜಗತ್ತೆಲ್ಲ ಬಿಳಿಯಾಗಿತ್ತು."

ಹೊಡೆದುಹಾಕಿದೆ. ಮಿಶಿಗನ್ನಿನ ಈ ಮೇಲ್ತುದಿಯಲ್ಲಿ ಜನವರಿಯಲ್ಲಿ ಜಗತ್ತು ಇನ್ಯಾವ ಬಣ್ಣ ಇರಬೇಕಿತ್ತು?

ಇನ್ನೊಂದು ಡ್ರಾಫ್ಟ್ ಕೋಳಿಯೇ ಮಾತಾಡುವ ಹಾಗೆ ಇತ್ತು. ಅದನ್ನು ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು.

೧, ಎರಡನೇ ಸಲ

ಮೊದಲು ಜನರನ್ನು ಕೂರಿಸಿಬಿಡುತ್ತೇನೆ. ಕೋಳಿಗಳನ್ನು ಕೂರಿಸುವುದು ಕಷ್ಟ, ಕಥೆ ಇರುವುದೇ ಅಲ್ಲಿ.

ಲೆಂಪಿಗೆ ಎಪ್ಪತ್ತೊಂದು ವರ್ಷ. ನನ್ನ ಮನೆಯಿಂದ ರಸ್ತೆ ದಾಟಿದರೆ ಅವಳ ಮನೆ. ಅವಳ ಹಿತ್ತಿಲಲ್ಲಿ ಅಪ್ಪನ ಕಾಲದ ಸೌನಾ, ಎಂದರೆ ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಬೆವರಿ ಮೀಯುವ ಮರದ ಕೋಣೆ, ಇದೆ, ಹತ್ತು ಹೆಜ್ಜೆ ಆಚೆಗೆ ಕೋಳಿಗೂಡು. ಅವಳ ಅಣ್ಣ ಆರ್ವೊಗೆ ಎಪ್ಪತ್ತಾರು. ಊರಾಚೆ ಒಂಟಿ ಮನೆ ಮಾಡಿಕೊಂಡಿದ್ದಾನೆ. ಅವನು ಬಡಗಿ, ಅದರಲ್ಲೂ ಸೌನಾ ಬಡಗಿ. ನಮ್ಮ ಕಡೆ ಅರ್ಧಕ್ಕರ್ಧ ಜನ ಬೆತ್ತಲೆ ಕೂತು ಬೆವರುವುದು ಅವನು ಮಾಡಿದ ಹಲಗೆಗಳ ಮೇಲೆ.

ಕೋಳಿ ಆರು. ಅವುಗಳಲ್ಲಿ ಎರಡರ ಹೆಸರು ತಿಳಿದರೆ ಸಾಕು. ಹಿಲ್ಯಾ ಗೂಡಿನ ಯಜಮಾನಿ. ಸೈಮಾ ಎಲ್ಲರಿಗಿಂತ ಕೆಳಗಿನವಳು. ಸೈಮಾಳ ಎಡಗಾಲಿಗೆ ಎರಡು ಬೆರಳಿಲ್ಲ.

(ಎರಡೂ ಲೆಂಪಿಯ ತೀರಿಹೋದ ಚಿಕ್ಕಮ್ಮಂದಿರ ಹೆಸರು. ಗೌರವಕ್ಕೆ ಇಟ್ಟದ್ದೋ ಸೇಡಿಗೋ ಎಂದು ಕೇಳಿದೆ. "ಮುಖ ನೋಡಿ ಇಟ್ಟೆ" ಎಂದಳು.)

೨

ಆ ಎರಡು ಬೆರಳು ಹೋದದ್ದು ಹೋದ ಚಳಿಗಾಲ. ಆಗ ಗೂಡಿನಲ್ಲಿ ಕೋಳಿಗಳು ಕೂರಲು ಇದ್ದದ್ದು ಒಂದು ಕಬ್ಬಿಣದ ಪೈಪು. ಹಳೆಯ ಬಾವಿಪಂಪಿನದು. ಆರ್ವೊನೇ ತಂದು ಗೋಡೆಯಿಂದ ಗೋಡೆಗೆ ಹಾಕಿಕೊಟ್ಟಿದ್ದ.

"ಕೊಳೆಯಲ್ಲ, ಹೇನು ಅಡಗೋಕೆ ಸಂದಿಲ್ಲ. ನೀನು ಹೋದ್ಮೇಲೂ ಇರುತ್ತೆ ಕಣೇ ಇದು" ಎಂದಿದ್ದ.

ಕೋಳಿ ಮಲಗುವುದೆಂದರೆ ಕೂತೇ ಮಲಗುವುದು. ಕೂತಾಗ ಎದೆಯ ಪುಕ್ಕ ಇಳಿಬಿಟ್ಟು ಕಾಲುಬೆರಳನ್ನು ಮುಚ್ಚಿಕೊಳ್ಳುತ್ತದೆ. ಅಗಲದ ಹಲಗೆಯಾದರೆ ಪಾದ ಚಪ್ಪಟೆಯಾಗಿ ಊರುತ್ತದೆ, ಹೊದಿಕೆ ಪೂರ್ತಿ ಬರುತ್ತದೆ. ದುಂಡನೆಯದಾದರೆ ಬೆರಳುಗಳು ಕೆಳಕ್ಕೆ ಸುತ್ತಿಕೊಳ್ಳುತ್ತವೆ, ತುದಿ ಹೊದಿಕೆಯಿಂದ ಆಚೆಗೆ ಬೀಳುತ್ತದೆ. ದುಂಡನೆಯದು ಕಬ್ಬಿಣವೂ ಆಗಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮೊದಲು ಬೆರಳು ಬಿಳಿಚಿತು, ಆಮೇಲೆ ಕಪ್ಪಾಯಿತು, ಫೆಬ್ರವರಿಯಲ್ಲಿ ಒಣಗಿದ ತೊಟ್ಟಿನ ಹಾಗೆ ಉದುರಿತು.

ಲೆಂಪಿ ಪೈಪನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಳು. ಆ ಶನಿವಾರ ಆರ್ವೊ ಎಂದಿನಂತೆ ತಂಗಿಯ ಸೌನಾದಲ್ಲಿ ಮೀಯಲು ಬಂದ. ಒರಗಿದ್ದ ಪೈಪನ್ನು ನೋಡಿದ, ಕೋಳಿಯ ಕಾಲು ನೋಡಿದ, ಟವೆಲ್ಲನ್ನು ಮತ್ತೆ ಕಂಕುಳಿಗೆ ಸೇರಿಸಿ ಪಿಕಪ್ ಹತ್ತಿದ. ಏಳು ಶನಿವಾರ ಬರಲಿಲ್ಲ.

ಇದು ಹೆಚ್ಚೇನಲ್ಲ. ಅವನಿಗೆ ಹತ್ತೊಂಬತ್ತಾಗಿದ್ದಾಗ ಮಾಡಿದ ಮೊದಲ ಸೌನಾ ಬಾಗಿಲನ್ನು ನೋಡಿ ಅವರಪ್ಪ "ಕೆಳಗೆ ಬೆಳಕು ಕಾಣ್ತಿದೆಯಲ್ಲೋ" ಎಂದರು. ಅಷ್ಟೇ ಮಾತು. ಆರ್ವೊ ಮೂರು ವರ್ಷ ಬೇರೆಯವರ ಮನೆಗೆ ಹೋಗಿ ಮಿಂದ. ಲೆಂಪಿಯ ಸೌನಾಕ್ಕೆ ಬಾಗಿಲು ಈಗಲೂ ಅದೇ ಇದೆ. ಕೆಳಗೆ ಈಗಲೂ ಬೆಳಕು ಕಾಣುತ್ತದೆ.

ಏಳು ಶನಿವಾರವೆಂದರೆ ಏನು ಎಂದು ಓದುವವರಿಗೆ ಅನ್ನಿಸಬಹುದು. ನಮ್ಮಲ್ಲಿ ಒಬ್ಬರಿಗೋಸ್ಕರ ಸೌನಾ ಕಾಯಿಸುವುದಿಲ್ಲ. ಕಾಯಿಸಬಾರದು ಎಂದು ಯಾರೂ ಕಟ್ಟಳೆ ಮಾಡಿಲ್ಲ. ಕಟ್ಟಿಗೆ ತುಂಬುವಾಗ ಕೈ ತಾನಾಗಿಯೇ ಹಿಂದೆ ಬರುತ್ತದೆ. ಆ ಏಳು ಶನಿವಾರ ಲೆಂಪಿ ಅಡಿಗೆಮನೆಯಲ್ಲಿ ಬೋಗುಣಿಗೆ ಬಿಸಿನೀರು ಹಾಕಿಕೊಂಡು ಬಟ್ಟೆಯಿಂದ ಮೈ ಒರೆಸಿಕೊಂಡಳು. ಎಂಟನೆಯ ಶನಿವಾರ ಪಿಕಪ್ಪಿನ ಸದ್ದು ಕೇಳಿದಾಗ, ಅವಳು ಕಿಟಕಿಯ ಹತ್ತಿರ ಹೋಗದೆ ನೆಟ್ಟಗೆ ಕಟ್ಟಿಗೆ ಮನೆಗೆ ಹೋದಳು.

(ಇಲ್ಲಿ ಅವಳು ಕಣ್ಣೊರೆಸಿಕೊಂಡಳು ಎಂದು ಬರೆದಿದ್ದೆ. ಓದಿ ನಕ್ಕಳು. "ಹೊಗೆ ಹೋಗಿರ್ಬೇಕು" ಎಂದಳು. ಹೊಡೆದುಹಾಕಿದೆ.)

೩

ಬೇಸಿಗೆಯಲ್ಲಿ ಆರ್ವೊ ತಾನಾಗಿಯೇ ಗೂಡಿಗೆ ಹೊಸ ಹಲಗೆ ಹಾಕಿಕೊಟ್ಟ. ಯಾರೂ ಕೇಳಿರಲಿಲ್ಲ. ಅದು ಅವನು ತಪ್ಪೊಪ್ಪಿಕೊಳ್ಳುವ ರೀತಿ. ತಪ್ಪು ಯಾವುದೆಂದು ಬಾಯಲ್ಲಿ ಹೇಳುವವನಲ್ಲ, ಮೊಳೆ ಹೊಡೆದು ಹೋಗುವವನು.

ಈ ಒಂದು ಪುಟವನ್ನು ಮಾತ್ರ ಅವನಿಗೆ ತೋರಿಸಿದೆ. ಅಳತೆ ಸರಿಯಿರಲಿ ಎಂದು.

"ನಾಲ್ಕಿಂಚು ಅಗಲ ಅಂತ ಬರೆದಿದ್ದೀಯ. ತೋಪಡ ಹೊಡೆದ ಮೇಲೆ ನಾಲ್ಕು ಎಲ್ಲಿಂದ ಬರುತ್ತೆ? ಮೂರೂವರೆ ಅಂತ ಹಾಕು."

"ಕಥೆಗೆ ಅಷ್ಟು ಬೇಡ ಆರ್ವೊ."

"ಹಾಗಾದ್ರೆ ಕಥೆ ಮೇಲೆ ಕೋಳಿ ಕೂರ್ಸು."

ಮೂರೂವರೆ ಇಂಚು. ಆಸ್ಪೆನ್ ಮರ. ಪೈನ್ ಆದರೆ ಅಂಟು ಬಿಡುತ್ತದೆ, ಕಾಲಿಗೆ ಮೆತ್ತುತ್ತದೆ. ಆಸ್ಪೆನ್ ಅಂಟು ಬಿಡುವುದಿಲ್ಲ, ಸಿಬಿರು ಏಳುವುದಿಲ್ಲ, ಕಬ್ಬಿಣದ ಹಾಗೆ ಚಳಿ ಹಿಡಿದಿಟ್ಟುಕೊಳ್ಳುವುದಿಲ್ಲ. ಸೌನಾದಲ್ಲಿ ನಾವು ಕೂರುವುದೂ ಅದರ ಮೇಲೆಯೇ. ಅಂಚುಗಳನ್ನು ಬೆರಳಿನ ತುದಿಯಷ್ಟು ದುಂಡು ಮಾಡಿದ್ದ. ಹಲಗೆಗೂ ಗೋಡೆಗೂ ನಡುವೆ ಬಾಲಕ್ಕೆಂದು ಒಂದಡಿ ಬಿಟ್ಟಿದ್ದ. ಒಂದು ಸ್ಕ್ರೂವಿನ ತಲೆಯೂ ಮೇಲೆ ಕಾಣುತ್ತಿರಲಿಲ್ಲ. ಇಷ್ಟು ನುಣುಪಾದ ಕೋಳಿಹಲಗೆಯನ್ನು ನಾನು ನನ್ನ ಆಯುಸ್ಸಿನಲ್ಲಿ ನೋಡಿಲ್ಲ.

ಮರ, ಅಗಲ, ಅಂಚು ಎಲ್ಲ ಸರಿಯಾಗಿತ್ತು. ಹಾಕಿದ್ದು ಮಾತ್ರ ಮೆಟ್ಟಿಲಿನ ಹಾಗೆ. ಕೆಳಹಲಗೆ ನೆಲದಿಂದ ಒಂದಡಿಗೆ, ನಡುವಿನದು ಎರಡೂವರೆಗೆ, ಮೇಲಿನದು ನಾಲ್ಕು ಅಡಿಗೆ.

ನಾವು ಮಾತ್ರ ಮಾಡಬಹುದಾದ ತಪ್ಪು ಇದು. ಐವತ್ತು ವರ್ಷ ಸೌನಾ ಹಲಗೆ ಹಾಕಿದವನ ಕೈ ಕೋಳಿಗೂಡಿಗೆ ಹೋದರೂ ಸೌನಾವನ್ನೇ ಕಟ್ಟುತ್ತದೆ. ಬಿಸಿ ಮೇಲೆ ಇರುತ್ತದೆ. ಗಟ್ಟಿಗರು ಮೇಲೆ ಹೋಗುತ್ತಾರೆ, ಸಾಕಾದವರು ಒಂದು ಮೆಟ್ಟಿಲು ಇಳಿಯುತ್ತಾರೆ, ಇನ್ನೂ ಸಾಕಾದವರು ಕೆಳಗೆ ಕೂತು ಮುಖ ತೊಳೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಎಲ್ಲ ಹಲಗೆಯೂ ಸಿಗುತ್ತದೆ.

ಕೋಳಿ ಇಳಿಯುವುದಿಲ್ಲ.

೪

"ನೀನು ಅವನನ್ನ ಪೆದ್ದನ ಥರ ಬರೆದಿದ್ದೀಯ" ಎಂದಳು ಲೆಂಪಿ, ಇಲ್ಲಿಯವರೆಗೆ ಓದಿ. ಅವಳ ಮುಂದೆ ಕಾಫಿ ಇತ್ತು, ಏಲಕ್ಕಿ ಹಾಕಿದ ನೀಸು ಎಂಬ ಸಿಹಿ ರೊಟ್ಟಿಯ ಎರಡು ತುಂಡಿತ್ತು. ಒಂದು ನನಗೆ ಎಂದುಕೊಂಡಿದ್ದೆ. ಎರಡೂ ಅವಳದೇ.

"ಪೆದ್ದ ಅಂತ ಎಲ್ಲಿ ಬರೆದಿದ್ದೀನಿ?"

"'ಕೋಳಿ ಇಳಿಯುವುದಿಲ್ಲ' ಅಂತ ಒಂದೇ ಸಾಲು ಬೇರೆ ಬಿಟ್ಟಿದ್ದೀಯಲ್ಲ. ಅದು ನಗೋ ಸಾಲು."

"ನಗೋಕಲ್ಲ. ಉಸಿರು ತಗೊಳ್ಳೋಕೆ."

"ಉಸಿರು ತಗೊಳ್ಳೋದಾದ್ರೆ ಹೊರಗೆ ಹೋಗು, ಹವಾ ಚೆನ್ನಾಗಿದೆ. ಅವನು ಒಳ್ಳೇ ಮನಸ್ಸಿಂದ ಮಾಡ್ದ. ಅದನ್ನ ಬರಿ."

ಒಳ್ಳೆಯ ಮನಸ್ಸಿನಿಂದ ಮಾಡಿದ. ಬರೆದೆ. ಆದರೆ ಓದುವವರೇ, ಒಳ್ಳೆಯ ಮನಸ್ಸಿನಿಂದ ಮಾಡಿದ್ದನ್ನು ಕೀಳುವುದು ಕೆಟ್ಟ ಮನಸ್ಸಿನಿಂದ ಮಾಡಿದ್ದನ್ನು ಕೀಳುವುದಕ್ಕಿಂತ ಕಷ್ಟ. ಕಥೆಯ ತೊಡಕು ಇಲ್ಲೇ ಇದೆ. ಇದನ್ನು ನೇರವಾಗಿ ಹೇಳಬಾರದು, ಕಾಣಿಸಬೇಕು ಎಂದು ಬಲ್ಲವರು ಅನ್ನುತ್ತಾರಂತೆ. ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿಗೆ, ಆ ಪಾಠ ಏಳನೆಯದರಲ್ಲಿ ಇದ್ದಿರಬೇಕು.

೫

ಡಿಸೆಂಬರಿನಿಂದ ದಿನಾ ಸಂಜೆ ನಡೆಯುತ್ತಿದ್ದದ್ದು ಇದು.

ನಾಲ್ಕೂವರೆಗೆ ಬೆಳಕು ಬಾಗುತ್ತದೆ. ಕೋಳಿಗಳು ಒಳಗೆ ಬರುತ್ತವೆ. ಆರೂ ನೋಡುವುದು ಮೇಲಿನ ಹಲಗೆಯನ್ನೇ. ಅದರ ಮೇಲೆ ಹಿಡಿಸುವುದು ನಾಲ್ಕು. ಹಿಲ್ಯಾ ಮೊದಲು ಹಾರಿ ನಡುಮಧ್ಯೆ ಕೂತು ಅಕ್ಕಪಕ್ಕದವರನ್ನು ಆರಿಸಿಕೊಳ್ಳುತ್ತಾಳೆ, ಬೇಡದವರ ತಲೆ ಕುಕ್ಕುತ್ತಾಳೆ. ಐದನೆಯ ಕೋಳಿ ನಡುವಿನ ಹಲಗೆಯಲ್ಲಿ ಕೂತು ಗೊಣಗುತ್ತದೆ. ಬೆರಳಿಲ್ಲದ ಕಾಲಿನ ಸೈಮಾ ಒಮ್ಮೆ ಹಾರುತ್ತಾಳೆ, ಅಂಚು ಸಿಗದೆ ಬೀಳುತ್ತಾಳೆ, ಇನ್ನೊಮ್ಮೆ ಹಾರುತ್ತಾಳೆ. ಆಮೇಲೆ ಕೆಳಹಲಗೆಗೆ ಹೋಗುತ್ತಾಳೆ. ಕೆಳಹಲಗೆಯ ಮೇಲೆ ಮೇಲಿನವರದೆಲ್ಲ ಬೀಳುತ್ತದೆ. ಬೆನ್ನು ಒದ್ದೆಯಾಗುತ್ತದೆ, ಒದ್ದೆ ಬೆನ್ನು ಹೆಪ್ಪುಗಟ್ಟುತ್ತದೆ. ಅದಕ್ಕೆ ಅವಳು ಅಲ್ಲಿಂದಲೂ ಇಳಿದು ಬಾಗಿಲ ಮೂಲೆಯ ಹುಲ್ಲಿನಲ್ಲಿ ಒಬ್ಬಳೇ ಕೂರುತ್ತಾಳೆ.

ಗೂಡಿನಲ್ಲಿ ದೀಪವಿಲ್ಲ, ಹೀಟರ್ ಇಲ್ಲ. ಒಣಹುಲ್ಲಿಗೆ ಬೆಂಕಿ ಬಿದ್ದು ಸುಟ್ಟುಹೋದ ಗೂಡುಗಳು ನಮಗೆ ಗೊತ್ತು. ಕೋಳಿಗೆ ಬಿಸಿ ಬರುವುದು ಪಕ್ಕದ ಕೋಳಿಯಿಂದ. ಹಾಗಾಗಿ ಒಂಟಿ ಕೂರುವ ಕೋಳಿ ಹೆಚ್ಚು ದಿನ ಇರುವುದಿಲ್ಲ.

ಲೆಂಪಿ ಸೈಮಾಳನ್ನು ಎತ್ತಿ ಮೇಲೆ ಕೂರಿಸಿ ನೋಡಿದಳು. ಹಿಲ್ಯಾ ಮೂರು ಎಣಿಸುವಷ್ಟರಲ್ಲಿ ಕೆಳಗೆ ಕೆಡವಿದಳು.

"ಮನೆಯೊಳಗೆ ತಂದಿಟ್ಟುಕೋಬಹುದಲ್ಲ?" ಎಂದು ಕೇಳಿದೆ. (ಓದುವವರ ಪರವಾಗಿ ಕೇಳಿದೆ. ನನಗೆ ಉತ್ತರ ಗೊತ್ತಿತ್ತು.)

"ಹೋದ ವರ್ಷ ಬೆರಳು ಉದುರಿದಾಗ ಹತ್ತು ದಿನ ನೆಲಮಾಳಿಗೆಯಲ್ಲಿ ಇಟ್ಟಿದ್ದೆ. ವಾಪಸ್ ಬಿಟ್ಟಾಗ ಹೊಸ ಕೋಳಿ ಬಂತು ಅಂತ ಸೇರಿ ಹೊಡೆದವು. ಕೋಳಿ ನೆನಪು ಒಂದು ವಾರ. ಈ ಸಲ ಕರ್ಕೊಂಡು ಬಂದ್ರೆ ಆಮೇಲೆ ಅವಳಿಗೆ ಆ ಮನೆ ಇಲ್ಲ."

"ಹಾಗಾದ್ರೆ ಹಲಗೆ ಕೀಳು. ಮೂರನ್ನೂ ಒಂದೇ ಎತ್ತರಕ್ಕೆ ಹಾಕು, ಮೊಣಕಾಲಿನಷ್ಟು. ಮೇಲು ಕೆಳಗು ಇಲ್ಲದೆ ಇದ್ರೆ ಜಗಳ ಯಾತಕ್ಕೆ?"

"ಅದು ನನಗೆ ಗೊತ್ತಿಲ್ವಾ? ಸ್ಕ್ರೂ ಬಿಚ್ಚೋಕೆ ನನಗೇನು ಕೈ ಇಲ್ವಾ?" ಎಂದಳು. ಆಮೇಲೆ ಕಿಟಕಿಯ ಕಡೆ ನೋಡಿ, "ಈ ಸಲ ಏಳು ಶನಿವಾರಕ್ಕೆ ಮುಗಿಯಲ್ಲ" ಎಂದಳು.

೬

ಆ ವಾರ ಗುರುವಾರ ರೇಡಿಯೋದಲ್ಲಿ ಹೇಳಿದರು. ಶನಿವಾರ ಕತ್ತಲಾದ ಮೇಲೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ, ಸರೋವರದ ಕಡೆಯ ಗಾಳಿ ಬೇರೆ.

ಶನಿವಾರ ಸಂಜೆಯೊಳಗೆ ಏನಾದರೂ ಆಗಬೇಕು. ಅದೇ ಶನಿವಾರ ಆರ್ವೊ ಮೀಯಲು ಬರುತ್ತಾನೆ.

ಇಂಥ ಹೊಂದಿಕೆ ಕಥೆ ಕಟ್ಟುವವರಿಗೆ ಬಹಳ ಅನುಕೂಲ. ನಾನು ಕಟ್ಟಿದ್ದಲ್ಲ. ಚಳಿ ತಾನಾಗಿಯೇ ಶನಿವಾರ ಆರಿಸಿಕೊಂಡಿತು.

ಎರಡು ಗಂಟೆಗೆ ಅವನು ಬಂದ. ಮೀಯುವಾಗ ಮೈಗೆ ಬಡಿದುಕೊಳ್ಳಲು ಫ್ರೀಜರಿನಲ್ಲಿಟ್ಟಿದ್ದ ಬರ್ಚ್ ಎಲೆಯ ಕಟ್ಟನ್ನು ಕೈಯಲ್ಲಿ ಹಿಡಿದು, ಎಡಮೊಣಕಾಲನ್ನು ಎಳೆದೂ ಎಳೆಯದ ಹಾಗೆ ಇಡುತ್ತ. ಬರುವವನಿಗೆ ಮೊದಲ ಬಿಸಿ ಎಂಬುದು ಮನೆಯ ಪದ್ಧತಿ. ಅವನು ಒಳಗೆ ಹೋದ. ನಲವತ್ತು ನಿಮಿಷಕ್ಕೆ ಕೆಂಪಗೆ ಹೊರಬಂದ.

"ಹೇಗಿತ್ತು?" ಎಂದಳು ಲೆಂಪಿ.

"ಮೇಲೇ ಕೂತಿದ್ದೆ. ಐದು ಸೌಟು ನೀರು ಎರಚ್ದೆ ಕಲ್ಲಿನ ಮೇಲೆ. ಇನ್ನೊಬ್ಬನಾಗಿದ್ರೆ ಓಡಿ ಹೋಗ್ತಿದ್ದ."

"ಇನ್ನೊಬ್ಬಳಾಗಿದ್ರೆ?"

"ನಿನ್ನ ವಿಷಯ ಬೇರೆ. ನೀನು ಬೆಕ್ಕಿನ ಜಾತಿ."

ಅವನು ಅಡಿಗೆಮನೆಗೆ ಹೋಗಿ ಕೂತ. ಲೆಂಪಿ ಒಳಗೆ ಹೋದಳು. ಮೇಲಿನ ಹಲಗೆಯ ಮೇಲೆ ಅಂಗೈ ಇಟ್ಟಳು. ಒಣಗಿತ್ತು. ಬಿಸಿಯಾಗಿ, ಬಿಳಿಯಾಗಿ, ಒಂದು ಬೆವರಿನ ಕಲೆಯೂ ಇಲ್ಲದೆ ಒಣಗಿತ್ತು. ಕೆಳಹಲಗೆಯ ಮೂಲೆಯಲ್ಲಿ, ಬಾಗಿಲ ಪಕ್ಕ, ಒದ್ದೆಯ ದುಂಡನೆಯ ಅಚ್ಚು. ಎರಡು ಬರ್ಚ್ ಎಲೆ.

ಅದು ಅವಳಿಗೆ ಹೊಸದಲ್ಲ. ಅಕ್ಟೋಬರಿನಿಂದ ಹೀಗೆಯೇ. ಅವನ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ, ಅವನು ಹೇಳುವುದಿಲ್ಲ, ಅವಳು ಕೇಳುವುದಿಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಬರುವ ಗಾಳಿ ನೇರ ಆ ಮೂಲೆಗೇ ಹೊಡೆಯುತ್ತದೆ. ಅವನದೇ ಬಾಗಿಲು.

ಮುಕ್ತಾಯ, ಮೊದಲನೆಯದು

ಲೆಂಪಿ ಮಿಂದು ಬಂದು ಕಾಫಿ ಬಗ್ಗಿಸುತ್ತಾಳೆ. "ಆರ್ವೊ, ಮೇಲಿನ ಹಲಗೆ ಒಣಗಿತ್ತು" ಎನ್ನುತ್ತಾಳೆ. "ನೀನು ಸೈಮಾ ಥರ ಮೂಲೇಲಿ ಕೂರ್ತೀಯ. ಅವಳ ಕಷ್ಟ ನಿನಗೇ ಗೊತ್ತಾಗ್ಬೇಕು." ಆರ್ವೊ ತಲೆ ತಗ್ಗಿಸುತ್ತಾನೆ. ಅವನಿಗೆ ಅರಿವಾಗುತ್ತದೆ.

ಇದನ್ನು ಬರೆದಾಗ ನನಗೆ ಬಹಳ ಹಿಡಿಸಿತ್ತು. ಕೋಳಿಯೂ ಮನುಷ್ಯನೂ ಅಕ್ಕಪಕ್ಕ ಬಂದು ಕೂತ ಹಾಗಿತ್ತು. ಲೆಂಪಿ ಪೆನ್ಸಿಲ್ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಗೀರಿದಳು.

"ಇದು ನನ್ನ ಬಾಯಲ್ಲಿ ಬರಲ್ಲ."

"ನಿಜವೇ ತಾನೇ?"

"ನಿಜ ಅಂತ ಎಲ್ಲ ಹೇಳ್ತಾರಾ? ನಿನ್ನ ಹಲ್ಲಿನ ಸೆಟ್ಟು ಊಟ ಮಾಡುವಾಗ ಟಕಟಕ ಅನ್ನುತ್ತೆ. ಇಪ್ಪತ್ತು ವರ್ಷದಲ್ಲಿ ಒಂದು ದಿನ ಹೇಳಿದ್ದೀನಾ?"

ಇಲ್ಲ, ಹೇಳಿರಲಿಲ್ಲ.

ಮುಕ್ತಾಯ, ಎರಡನೆಯದು

ಆರ್ವೊ ಮೀಯುತ್ತಿರುವ ನಲವತ್ತು ನಿಮಿಷದಲ್ಲಿ ಲೆಂಪಿ ಗೂಡಿಗೆ ಹೋಗಿ ಹಲಗೆಗಳನ್ನು ಬಿಚ್ಚಿ, ಗರಗಸ ಹಿಡಿದು ಅವನ್ನು ಹೊತ್ತ ಊರೆಗಂಬ ಕತ್ತರಿಸುತ್ತಾಳೆ. ಸೌನಾದ ಒಳಗೆ ಅವನಿಗೆ ಗರಗಸದ ಸದ್ದು ಕೇಳುತ್ತದೆ. ತನ್ನ ಮರವನ್ನು ಇನ್ನೊಬ್ಬರು ಕೊಯ್ಯುವ ಸದ್ದನ್ನು ಬಡಗಿ ಗುರುತು ಹಿಡಿಯುತ್ತಾನೆ. ಕೋಳಿಗಳು ಉಳಿಯುತ್ತವೆ. ಕಾಫಿ ಆರುತ್ತದೆ. ಪಿಕಪ್ ಹೋದ ಗುರುತಿನ ಮೇಲೆ ಹಿಮ ಬಿದ್ದು, ಮಾರ್ಚ್‌ವರೆಗೆ ಅದರ ಮೇಲೆ ಇನ್ನೊಂದು ಗುರುತು ಬೀಳುವುದಿಲ್ಲ.

ಇದನ್ನು ಲೆಂಪಿ ಗೀರಲಿಲ್ಲ. ಎರಡು ಸಲ ಓದಿದಳು. "ಇದು ಆಗ್ತಿತ್ತು" ಎಂದು ಹಾಳೆಯನ್ನು ಮಗುಚಿಟ್ಟಳು.

೭

ಹಾಗಾಗಿ ಈಗ ಹೇಳುವುದು ಮುಕ್ತಾಯವಲ್ಲ, ಆ ಮಧ್ಯಾಹ್ನ ನಡೆದದ್ದು. ಬೇಕಾದರೆ ಮೂರನೆಯ ಮುಕ್ತಾಯ ಎನ್ನಿ, ನನಗೆ ಬೇಸರವಿಲ್ಲ.

ಒಣಗಿದ ಹಲಗೆಯ ಮೇಲಿನಿಂದ ಕೈ ತೆಗೆದು ಲೆಂಪಿ ಮೇಲೆ ಹತ್ತಿ ಕೂತಳು. ಏಳು ವರ್ಷದವಳಾಗಿದ್ದಾಗ ಅಪ್ಪ ಮೊದಲ ಸಲ ಆ ಹಲಗೆಗೆ ಎತ್ತಿ ಕೂರಿಸಿದ್ದರು. ಅಂದಿನಿಂದ ಅವಳ ಜಾಗ ಅದೇ. ಅಲ್ಲಿ ಕೂತರೆ ಕಿವಿಯ ತುದಿ ಚುರುಗುಟ್ಟುತ್ತದೆ, ಮೂಗಿನ ಉಸಿರು ಮೇಲ್ತುಟಿಯನ್ನು ಸುಡುತ್ತದೆ, ವಾರದ್ದೆಲ್ಲ ಬೆನ್ನಿನಿಂದ ಇಳಿದುಹೋಗುತ್ತದೆ. ಅವಳು ಆರು ಸೌಟು ಎರಚಿದಳು. ಒಂದು ಗಂಟೆ ಕೂತಳು. ಇಳಿದಾಗ ಹಲಗೆಯ ಮೇಲೆ ಅವಳ ಪೂರ್ತಿ ಅಚ್ಚು ಬಿದ್ದಿತ್ತು. ಅದನ್ನು ಒರೆಸಲಿಲ್ಲ.

ಅಡಿಗೆಮನೆಗೆ ಬಂದು ಕುರ್ಚಿಯಲ್ಲಿ ನಿಧಾನ ಕೂತಳು, ಅಯ್ಯೋ ಎಂದಳು.

"ಏನೇ?" ಎಂದ ಆರ್ವೊ.

"ಸೊಂಟ ಕಣೋ. ಆ ಮೇಲಿನ ಹಲಗೆ ಹತ್ತೋಕೆ ಇನ್ನು ನನ್ನ ಕೈಲಾಗಲ್ಲ. ಸೌನಾದಲ್ಲಿ ಎಲ್ಲಾ ಒಂದೇ ಮಟ್ಟಕ್ಕೆ ಇಳಿಸಿಕೊಡು. ಕೆಳಗೇ ಕೂರ್ತೀನಿ. ಬಾಗಿಲ ಹತ್ರ ಬೇಡ, ಒಲೆ ಪಕ್ಕಕ್ಕೆ ಹಾಕು."

(ಓದುವವರೇ, ಅವಳ ಸೊಂಟಕ್ಕೆ ಏನೂ ಆಗಿಲ್ಲ. ಹೋದ ನವೆಂಬರಿನಲ್ಲಿ ಅವಳು ನನ್ನ ಸೂರಿನ ಮೇಲೆ ಹತ್ತಿ ಹೊಗೆಕೊಳವೆ ಗುಡಿಸಿದವಳು.

"ಇದು ಬೇಡ" ಎಂದಳು ಲೆಂಪಿ. "ನಾನು ಸುಳ್ಳು ಹೇಳ್ದೆ ಅಂತ ಬರೀಬೇಡ."

"ಮತ್ತೇನು ಬರೀಲಿ?"

"ಸೊಂಟ ನೋಯ್ತಿತ್ತು ಅಂತ ಬರಿ."

ಲೆಂಪಿಗೆ ಸೊಂಟ ನೋಯುತ್ತಿತ್ತು.)

ಆರ್ವೊ ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕಾಫಿ ಹೀರಿದ.

"ಸೊಂಟ ನೋವಿನವಳ ಮುಖ ಇಷ್ಟು ಕೆಂಪಗಿದೆ."

"ಒಲೆ ಹತ್ರ ಕೂತಿದ್ದೆ."

"ಹೂಂ. ಚಿಕ್ಕೋಳಿದ್ದಾಗ್ಲೂ ನೀನು ಮೆಟ್ಟಿಲಿಗೆ ಸೋಮಾರಿನೇ" ಎಂದು ಎದ್ದ. "ಬಾ, ಎಷ್ಟು ಎತ್ತರ ಬೇಕು ತೋರ್ಸು."

ಸೌನಾದೊಳಗೆ ಇನ್ನೂ ಹಬೆಯಿತ್ತು. ಅವಳು ಹೊಸ್ತಿಲಲ್ಲೇ ನಿಂತದ್ದಕ್ಕೆ ಅವನು ಅಪ್ಪನ ದನಿಯಲ್ಲೇ ಗದರಿದ: "ಒಳಗೆ ಬಾ, ಇಲ್ಲಾ ಹೊರಗೆ ಹೋಗು. ಬಾಗಿಲಲ್ಲಿ ನಿಂತು ಬಿಸಿ ಚೆಲ್ಲಬೇಡ." ಅವಳು ಒಳಗೆ ಬಂದಳು. ಅಳತೆಪಟ್ಟಿ ಹಿಡಿದು ಅವನು ಒಲೆಯ ಪಕ್ಕದ ಊರೆಗಂಬದ ಹತ್ತಿರ ಬಗ್ಗಿದ.

ಕಂಬದ ಮೇಲೆ ಮೊಣಕಾಲಿನ ಎತ್ತರಕ್ಕೆ ಒಂದು ಪೆನ್ಸಿಲ್ ಗೀರಿತ್ತು. ಗೀರಿನ ತುದಿಗೆ ಅವನು ಹಾಕುವ ಸಣ್ಣ ಅಡ್ಡಗುರುತು. ಹೊಸದಲ್ಲ. ಎಷ್ಟೋ ಶನಿವಾರಗಳ ಹಬೆ ತಿಂದು ಮಂಕಾಗಿತ್ತು.

ಆರ್ವೊ ಅದರ ಮೇಲೆ ಹೆಬ್ಬೆರಳಿಟ್ಟ. ಅಳತೆಪಟ್ಟಿಯನ್ನು ಪೂರ್ತಿ ಎಳೆಯಲೂ ಇಲ್ಲ.

"ಹದಿನೆಂಟಿಂಚು" ಎಂದ.

"ಅದೇ ಇರಲಿ" ಎಂದಳು ಲೆಂಪಿ, ಕಲ್ಲಿನ ಒಲೆಯ ಕಡೆ ನೋಡುತ್ತ.

ಇಲ್ಲಿ ಇಬ್ಬರಲ್ಲಿ ಒಬ್ಬರಾದರೂ ಏನಾದರೂ ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಇಬ್ಬರಿಗೂ ಒಂದೊಂದು ಒಳ್ಳೆಯ ಮಾತು ಬರೆದು ಇಟ್ಟಿದ್ದೆ. ಅವರು ತೆಗೆದುಕೊಳ್ಳಲಿಲ್ಲ. ಹಾಳೆ ನನ್ನ ಹತ್ತಿರವೇ ಇದೆ, ಅಂಗಡಿ ಚೀಟಿಯ ಹಿಂದೆ.

೮

"ಇದು ಬರೋ ವಾರ ಮಾಡ್ತೀನಿ. ಇವತ್ತು ಬೆಳಕಿಲ್ಲ" ಎಂದ ಆರ್ವೊ.

"ಬರೋ ವಾರವೇ ಮಾಡು. ಆದ್ರೆ ಹದಿನೆಂಟು ಸರಿ ಹೋಗುತ್ತಾ ಅಂತ ಮೊದಲು ಕೋಳಿಗೂಡಲ್ಲಿ ನೋಡೋಣ."

"ಕೋಳಿ ಮೇಲೆ ಅಳತೆ ನೋಡೋದಾ?"

"ಅವೂ ನನ್ನ ಥರ ಮುದುಕೀರೇ. ಅವು ಹತ್ತಿದ್ರೆ ನಾನೂ ಹತ್ತೀನಿ."

ಆರ್ವೊ ಅವಳನ್ನು ನೋಡಿದ. ಅವನಿಗೆ ಎಲ್ಲ ಗೊತ್ತಾಯಿತೋ ಇಲ್ಲವೋ ನಾನು ಹೇಳುವುದಿಲ್ಲ. ಹೇಳಬಾರದು ಎಂದಲ್ಲ, ನನಗೂ ಗೊತ್ತಿಲ್ಲ. ಅವನು ಪಿಕಪ್ಪಿನಿಂದ ಸ್ಕ್ರೂಗನ್ನು ಮತ್ತು ಕೈಗರಗಸ ತಂದ.

ನಾಲ್ಕು ಗಂಟೆಗೆ ಹಿಡಿದು ನಾಲ್ಕೂವರೆಗೆ ಮುಗಿಸಿದ. ಮೇಲಿನದನ್ನೂ ನಡುವಿನದನ್ನೂ ಇಳಿಸಿದ, ಕೆಳಗಿನದನ್ನು ಆರಿಂಚು ಏರಿಸಿದ. ಮೂರು ಹಲಗೆ ಒಂದೇ ಮಟ್ಟಕ್ಕೆ ಬಂದವು. ಮೊಟ್ಟೆಪೆಟ್ಟಿಗೆಗಳನ್ನು ತಾನಾಗಿಯೇ ನೆಲಕ್ಕೆ ಇಳಿಸಿದ. "ಹಲಗೆಗಿಂತ ಪೆಟ್ಟಿಗೆ ಮೇಲಿದ್ರೆ ಅದರಲ್ಲೇ ಮಲಗಿ ಮೊಟ್ಟೆ ಹೊಲಸು ಮಾಡ್ತವೆ" ಎಂದು ಲೆಂಪಿಗೆ ಪಾಠ ಹೇಳಿದ. ಅವಳು ಹೌದೇ ಎಂದು ಕೇಳಿಸಿಕೊಂಡಳು, ಐವತ್ತು ವರ್ಷ ಕೋಳಿ ಸಾಕಿದವಳು.

"ಒಂದು ಹಲಗೆಗೆ ನಾಲ್ಕು ಕೂರ್ತವೆ. ಆರಕ್ಕೆ ಎರಡು ಸಾಕಲ್ಲ? ಮೂರನೇದು ಯಾಕೆ?" ಎಂದು ಅವಳು ಕೇಳಿದಳು.

ಆರ್ವೊ ಕೊನೆಯ ಸ್ಕ್ರೂ ಬಿಗಿಸಿ, ಅಂಗೈಯಿಂದ ಹಲಗೆಯನ್ನು ಒಮ್ಮೆ ಉದ್ದಕ್ಕೂ ಸವರಿದ.

"ಇರಲಿ. ಯಾರಾದ್ರೂ ಮುನಿಸ್ಕೊಂಡು ದೂರ ಕೂರ್ಬೇಕು ಅಂದ್ರೆ ಬೇಕಾಗುತ್ತೆ."

ಕೋಳಿಗಳನ್ನು ಒಳಗೆ ಬಿಟ್ಟರು. ಹಿಲ್ಯಾ ಬಂದು, ಮೇಲಿನ ಹಲಗೆ ಇದ್ದ ಜಾಗವನ್ನು ಕತ್ತೆತ್ತಿ ನೋಡುತ್ತ ನಿಂತಳು. ಬಹಳ ಹೊತ್ತು ನೋಡಿದಳು. ಮೇಲಿನ ಜಾಗ ಹೋದರೆ ಯಜಮಾನಿಕೆ ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸೈಮಾ ಅಭ್ಯಾಸಬಲದಿಂದ ಬಾಗಿಲ ಮೂಲೆಗೆ ಹೋದಳು.

ಆರ್ವೊ ಬಾಗಿಲು ಮುಚ್ಚಿ ಅಗಣಿ ಹಾಕಿದ.

೯

ನಾನು ರಸ್ತೆ ದಾಟಿ ಹೋದದ್ದು ಆಗಲೇ. ಕತ್ತಲು ಕವಿಯುತ್ತಿತ್ತು. ಮೂಗಿನೊಳಗಿನ ಕೂದಲು ಗಡುಸಾಗುವ ಚಳಿ. ಅಣ್ಣ ತಂಗಿ ಗೂಡಿನ ಮುಂದೆ ಕೈ ಕಂಕುಳಲ್ಲಿಟ್ಟು ನಿಂತಿದ್ದರು. ಒಳಗೆ ರೆಕ್ಕೆ ಬಡಿದ ಸದ್ದು, ಒಂದು ಗೊಣಗು, ಮರದ ಮೇಲೆ ಉಗುರು ಎಳೆದ ಸದ್ದು. ಮತ್ತೆ ರೆಕ್ಕೆ. ಆಮೇಲೆ ಸದ್ದಿಲ್ಲ.

"ಹತ್ತಿದಳಾ?" ಎಂದೆ.

"ಯಾರು?" ಎಂದ ಆರ್ವೊ.

"ಸೈಮಾ."

ನಾನು ಅಗಣಿಗೆ ಕೈ ಹಾಕಿದೆ. ಕಥೆಗೆ ಬೇಕಿತ್ತು. ಆರು ಕೋಳಿ ಸಾಲಾಗಿ 'ಹೆಗಲಿಗೆ ಹೆಗಲು ತಾಗಿಸಿ' ಎಂಬ ಸಾಲು ಆಗಲೇ ತಲೆಯಲ್ಲಿ ಸಿದ್ಧವಿತ್ತು. ಸೈಮಾ ಹಿಲ್ಯಾಳ ಪಕ್ಕದಲ್ಲೇ ಕೂತಿದ್ದರೆ ಅದಕ್ಕಿಂತ ಒಳ್ಳೆಯದು. ಮೂಲೆಯಲ್ಲೇ ಇದ್ದರೆ ಅದೂ ಒಂದು ಕಥೆ, ಬೇರೆ ಬಗೆಯದು. ಮೂರನೆಯ ಹಲಗೆಯ ಮೇಲೆ ಒಬ್ಬಳೇ ಕೂತಿದ್ದರೆ ಏನು ಬರೆಯಬೇಕೋ ಯೋಚಿಸಿರಲಿಲ್ಲ.

ಲೆಂಪಿ ನನ್ನ ಕೈಯ ಮೇಲೆ ಕೈಗವಸಿನಿಂದ ಒಂದು ಏಟು ಕೊಟ್ಟಳು.

"ಒಳಗೆ ಐದು ಡಿಗ್ರಿ ಬಿಸಿ ಕೂಡಿಸಿಕೊಂಡಿರ್ತವೆ ಪಾಪ. ನಿನ್ನ ಕಥೆಗೆ ಅದನ್ನ ಚೆಲ್ಲಬೇಕಾ?"

ನಾನು ಕೈ ತೆಗೆದೆ.

ಓದುವವರೇ, ನೀವೂ ಅಗಣಿ ಬಿಡಿ. ಇಲ್ಲಿ ಇಪ್ಪತ್ತೆಂಟು ಕೆಳಗಿದೆ. ಬಾಗಿಲಲ್ಲಿ ನಿಲ್ಲಬೇಡಿ.